ಜಯಮಾಲಾ ಟೀಚರ್ ತಮ್ಮದೇ ನಾಡಿ ಹಿಡಿದದ್ದು

ಜಯಮಾಲಾ ಟೀಚರ್ ನಿವೃತ್ತರಾದ ದಿನ ಶಾಲೆಯವರು ಹೊದಿಸಿದ ಶಾಲನ್ನು ಸೊಂಟಕ್ಕೆ ಬಿಗಿದುಕೊಂಡು ಹುಡುಗಿಯರ ಜೊತೆ ಖೋ ಖೋ ಆಡಿದರು. ಭಾಷಣ ಮಾಡಲು ಬಂದಿದ್ದ ಅತಿಥಿಗಳು ಮೈದಾನದ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕುಳಿತು ನೋಡಿದರು. ಒಂಬತ್ತನೇ ತರಗತಿಯ ಚುರುಕು ಹುಡುಗಿಯೊಬ್ಬಳನ್ನು ಕಂಬದ ಹತ್ತಿರ ಹಾರಿ ಮುಟ್ಟಿದಾಗ ಟೀಚರ ಮೊಣಕಾಲು ತರಚಿತು. ಅರವತ್ತು ತುಂಬಿದವರಿಗೆ ಇದೆಲ್ಲ ಬೇಕಿತ್ತೇ ಎಂದು ಯಾರೋ ಕೇಳಿದರು.

"ಅರವತ್ತ ಆಗಿದ್ದು ಸರಕಾರದ ಕಾಗದದಾಗ್ರಿ," ಎಂದು ಅವರು ಸೀರೆಯ ಮಣ್ಣು ಕೊಡವಿಕೊಂಡರು.

ಬೈರಿದೇವರಕೊಪ್ಪದ ನಮ್ಮ ಓಣಿಯಲ್ಲಿ ಅವರದು ನಮ್ಮ ಎದುರು ಮನೆ. ಹಾಗಾಗಿ ಇದರಲ್ಲಿ ಕೆಲವು ನಾನು ಕಣ್ಣಾರೆ ಕಂಡದ್ದು, ಉಳಿದದ್ದು ಅವರೇ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದ್ದು. ಅವರ ತಂದೆ ಯಮನಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕಮ್ಮಾರರಾಗಿದ್ದರು. ರೈಲ್ವೆ ಕಾಲನಿಯ ಮೈದಾನದಲ್ಲಿ ಮಗಳು ಬರಿಗಾಲಲ್ಲಿ ಹುಡುಗರನ್ನು ಹಿಂದೆ ಹಾಕುವುದನ್ನು ನೋಡಿ, "ಓಡವ್ವಾ, ಓಡು. ಎಲ್ಲಿಗಿ ಓಡಬೇಕು ಅನ್ನೂದನ್ನ ಮಾತ್ರ ಸಾಲ್ಯಾಗ ಕಲತ ಬಾ," ಎಂದಿದ್ದರಂತೆ. ಮಗಳು ಕಲಿತು ಬಂದಳು. ದೈಹಿಕ ಶಿಕ್ಷಣದ ತರಬೇತಿ ಮುಗಿಸಿ ಸರಕಾರಿ ಪ್ರೌಢಶಾಲೆ ಸೇರಿ, ನಿವೃತ್ತಿಯವರೆಗೂ ಹೆಣ್ಣುಮಕ್ಕಳನ್ನು ಓಡಿಸಿದರು. ಪ್ರತಿ ಓಟದ ನಂತರ ಒಬ್ಬೊಬ್ಬಳ ಮಣಿಕಟ್ಟು ಹಿಡಿದು ನಾಡಿ ನೋಡುವುದು ಅವರ ಪದ್ಧತಿ. ಯಾವ ಹುಡುಗಿ ಬೆಳಗ್ಗೆ ಉಣ್ಣದೆ ಬಂದಿದ್ದಾಳೆ, ಯಾರಿಗೆ ಒಳಗೇ ಜ್ವರ ಬಂದಿದೆ ಎಂಬುದು ಅದರಲ್ಲೇ ತಿಳಿಯುತ್ತಿತ್ತು.

ಮನೆಯಲ್ಲಿ ರೋಗಿ ಎಂಬ ಪದವಿ ಅವರ ಪತಿ ರಾಜರತ್ನ ಅವರದು. ಧಾರವಾಡದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ದುಡಿದು ನಿವೃತ್ತರಾದ, ಮೆಲ್ಲಗೆ ಮಾತಾಡುವ ಮನುಷ್ಯ. ಅವರಿಗೆ ಬಿಪಿ, ಶುಗರ್ ಎರಡೂ ಇದ್ದವು. ತಿಂಗಳಿಗೊಮ್ಮೆ ನಮ್ಮ ಬಡಾವಣೆಯ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ, ಬೇವಿನ ಮರದ ಕೆಳಗೆ ಸರದಿಗೆ ಕುಳಿತು, ತಪಾಸಣೆ ಮಾಡಿಸಿಕೊಂಡು ಗುಳಿಗೆ ತರುತ್ತಿದ್ದರು. ಟೀಚರ್ ಗಂಡನನ್ನು ಮನೆಯ ಗೇಟಿನವರೆಗೆ ಬಿಟ್ಟು ತಮ್ಮ ವಾಕಿಂಗಿಗೆ ಹೋಗಿಬಿಡುತ್ತಿದ್ದರು.

"ಒಂದ ಮನ್ಯಾಗ ಒಬ್ಬರು ಗುಳಗಿ ನುಂಗಿದ್ರ ಸಾಕು," ಎನ್ನುವುದು ಅವರ ವಾದ.

ನಿವೃತ್ತಿಯಾಗಿ ಎರಡನೇ ವರ್ಷ ಟೀಚರ್ ಸಣ್ಣಗಾಗತೊಡಗಿದರು. ರವಿಕೆಯ ತೋಳುಗಳು ಸಡಿಲಾದವು. ಹಸಿವೇನೂ ಕಡಿಮೆಯಾಗಿರಲಿಲ್ಲ, ಮೊದಲಿಗಿಂತ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದರು. ಓಣಿಯ ಹೆಂಗಸರಿಗೆ ಇದು ದೊಡ್ಡ ಅಚ್ಚರಿ. ಮೂಲೆಮನೆಯ ಅಖ್ತರಬೇಗಂ ಒಂದು ಸಂಜೆ ತಡೆದು ನಿಲ್ಲಿಸಿ ಕೇಳಿದರು.

"ಟೀಚರ, ನಮಗೂ ಹೇಳ್ರಿ. ಏನ ತಿಂತೀರಿ, ಏನ ಬಿಡ್ತೀರಿ?"

"ಎಲ್ಲಾ ತಿಂತೇನ್ರಿ. ಕುಂದ್ರೂದೊಂದ ಬಿಟ್ಟೇನಿ."

ಅವರು ಅದನ್ನು ನಂಬಿಯೇ ಹೇಳಿದ್ದರು. ಬೇರೆ ಸಂಗತಿಗಳೂ ಇದ್ದವು, ಆದರೆ ಪ್ರತಿಯೊಂದಕ್ಕೂ ಅವರ ಬಳಿ ಒಂದು ಕಾರಣವಿತ್ತು. ಸಂಕ್ರಾಂತಿಯ ಚಳಿಯಲ್ಲೂ ಫ್ಯಾನು ಜೋರಾಗಿ ತಿರುಗಬೇಕಿತ್ತು. ಸಿಮೆಂಟಿನ ಗೋಡೆ ಸೆಕೆ ಹಿಡಿಯುತ್ತದೆ ಎಂದರು. ನಿದ್ದೆ ಕಡಿಮೆಯಾಗಿತ್ತು; ವಯಸ್ಸಾದ ಮೇಲೆ ಅಷ್ಟು ನಿದ್ದೆ ಬೇಕಾಗುವುದಿಲ್ಲ ಎಂದರು. ಚಹಾದ ಕಪ್ಪಿನ ಕೆಳಗಿನ ಬಸಿ ಕೈಯಲ್ಲಿ ಸಣ್ಣಗೆ ಕಟಕಟ ಎನ್ನುತ್ತಿತ್ತು; ಕಪ್ಪೇ ಸರಿಯಿಲ್ಲವೆಂದು ಅದನ್ನು ಬದಲಾಯಿಸಿದರು. ರಾಜರತ್ನ ಪೇಪರ್ ಓದುತ್ತ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿದರೆ ಸಾಕು, ಟೀಚರ್ ರೇಗಿಬಿಡುತ್ತಿದ್ದರು. ಅದಕ್ಕೆ ಮಾತ್ರ ಕಾರಣ ಹೇಳಲಿಲ್ಲ.

ಫೆಬ್ರವರಿಯಲ್ಲಿ ರಾಜರತ್ನರಿಗೆ ನೆಗಡಿ ಕೆಮ್ಮು ಹಿಡಿಯಿತು. ಗುಳಿಗೆ ಮುಗಿದಿದ್ದವು. ಖಾಲಿ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡು ಟೀಚರ್ ತಾವೇ ಆರೋಗ್ಯ ಕೇಂದ್ರಕ್ಕೆ ಹೋದರು. ಅಂದು ಹಬ್ಬದ ಮರುದಿನವಾದ್ದರಿಂದ ಹೆಚ್ಚು ಜನ ಇರಲಿಲ್ಲ. ನರ್ಸ್ ಭಾಗ್ಯಾ ಗುಳಿಗೆಗಳನ್ನು ಎಣಿಸಿ ಕೊಟ್ಟು, ಮೇಜಿನ ಆ ಕಡೆಯಿಂದಲೇ ಹೇಳಿದಳು.

"ಸರ್ ಆರಾಮಾದ ಮ್ಯಾಲೆ ಒಮ್ಮೆ ಕಳಸ್ರಿ, ಬಿಪಿ ನೋಡ್ಬೇಕು. ಈಗ ನೀವು ಕೈ ಕೊಡ್ರಿ."

"ನಾ ಯಾಕ? ನನಗೇನಾಗೇತಿ?"

"ಏನೂ ಆಗಿಲ್ಲಾ ಅಂತ ನೋಡಾಕ ಇದು ಇರೂದ್ರಿ ಟೀಚರ. ಆದ ಮ್ಯಾಲೆ ಹೋಗಾಕ ದೊಡ್ಡ ದವಾಖಾನಿ ಐತಲ್ಲ."

ಮಾತು ಟೀಚರಿಗೆ ಹಿಡಿಸಿತು. ಮಕ್ಕಳ ಮನಸ್ಸು ಉಳಿಸುವವರಂತೆ ಸೆರಗು ಸರಿಸಿ ತೋಳು ಚಾಚಿದರು. ಯಂತ್ರ ಗುರ್ ಎಂದು ಪಟ್ಟಿ ಬಿಗಿದು, ಬಿಟ್ಟು, ಏನೂ ತೋರಿಸಲಿಲ್ಲ. ಭಾಗ್ಯಾ ಇನ್ನೊಮ್ಮೆ ಒತ್ತಿದಳು. ಆಮೇಲೆ ಪಟ್ಟಿ ಬಿಚ್ಚಿಟ್ಟು, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಗೋಡೆಯ ಗಡಿಯಾರ ನೋಡುತ್ತ ನಿಂತಳು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು.

"ಸ್ವಲ್ಪ ಕುಂತಿರ್ರಿ. ಡಾಕ್ಟರನ್ನ ಕರೀತೇನಿ."

ಡಾಕ್ಟರ್ ಆರ್ಜೂ ಹಳೇ ಹುಬ್ಬಳ್ಳಿಯ ಹುಡುಗಿ, ಈ ಕೇಂದ್ರಕ್ಕೆ ಬಂದು ಮೂರನೇ ವರ್ಷ. ಎದೆಗೆ ಸ್ಟೆತಾಸ್ಕೋಪು ಇಟ್ಟು ಆಲಿಸಿ ಕೇಳಿದರು.

"ಓಡಿ ಬಂದ್ರೇನ್ರಿ?"

"ನಡಕೊಂಡ ಬಂದೇನ್ರಿ. ಓಡಿ ಬಂದಿದ್ರೂ ನನ್ನ ನಾಡಿ ಲಗೂನ ಇಳೀತೈತಿ. ಅದು ನನಗ ಗೊತ್ತೈತಿ."

"ಹಂಗಾದ್ರ ನೀವ ಹಿಡದ ನೋಡ್ರಿ."

ಟೀಚರ್ ತಮ್ಮ ಎಡಗೈ ಮಣಿಕಟ್ಟನ್ನು ತಾವೇ ಹಿಡಿದರು. ಸಾವಿರಾರು ಹುಡುಗಿಯರ ನಾಡಿ ನೋಡಿದ ಬೆರಳುಗಳು ಅವು. ಎರಡು ಬಡಿತ ಒಂದರ ಬೆನ್ನಿಗೊಂದು ಬಿದ್ದು ಬಂದವು. ಮೂರನೆಯದು ತಡವಾಯಿತು. ಆಮೇಲೆ ಒಂದು ದೊಡ್ಡದು, ನಂತರ ಇದ್ದೂ ಇಲ್ಲದ ಹಾಗೆ ಒಂದಷ್ಟು ಸಣ್ಣವು, ಮತ್ತೆ ಖಾಲಿ. ಯಾವ ತಾಳಕ್ಕೂ ಸಿಗಲಿಲ್ಲ. ಅವರು ಕೈ ಬದಲಾಯಿಸಿ ಬಲಗೈ ಹಿಡಿದರು. ಅಲ್ಲೂ ಅದೇ.

"ಇದು ಯಾವಾಗಿಂದ ಹಿಂಗೈತಿ?" ಎಂದರು. ಡಾಕ್ಟರನ್ನು ಕೇಳಿದರೋ ತಮ್ಮನ್ನೇ ಕೇಳಿಕೊಂಡರೋ ಅವರಿಗೇ ತಿಳಿಯಲಿಲ್ಲ. ಇಷ್ಟು ವರ್ಷ ಊರ ಮಕ್ಕಳ ಕೈಯೆಲ್ಲ ಹಿಡಿದಿದ್ದರು. ನಿವೃತ್ತಿಯ ನಂತರ ಒಮ್ಮೆಯೂ ತಮ್ಮ ಕೈ ಹಿಡಿದು ನೋಡಿರಲಿಲ್ಲ.

ಒಳಕೋಣೆಯಲ್ಲಿ ಮಲಗಿಸಿ, ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಡಾಕ್ಟರ್ ಅದನ್ನು ಫೋನಿನಲ್ಲಿ ದೊಡ್ಡಾಸ್ಪತ್ರೆಯ ತಜ್ಞರಿಗೆ ಕಳಿಸಿ, ಅವರೊಡನೆ ಮಾತಾಡಿ ಬಂದು, ಕುರ್ಚಿ ಎಳೆದುಕೊಂಡು ಟೀಚರ ಎದುರಿಗೇ ಕುಳಿತರು.

"ಹೃದಯದ ಮ್ಯಾಲಿನ ಭಾಗ ಸರಿಯಾಗಿ ಬಡಿಯೂದು ಬಿಟ್ಟು ನಡಗಾಕತ್ತದ. ಹಿಂಗ ನಡಗಿದ್ರ ಅಲ್ಲಿ ರಕ್ತ ನಿಂತು ಹೆಪ್ಪಾಗ್ತದ. ಆ ಹೆಪ್ಪು ತಲಿಗೆ ಹೋದ್ರ ಲಕ್ವಾ. ಇವತ್ತ ಗೊತ್ತಾಗಿದ್ದು ಛಲೋ ಆತು, ಯಾಕಂದ್ರ ಇದಕ್ಕ ಔಷಧ ಅದ." ನಂತರ ಟೀಚರ ಎರಡೂ ಕೈ ಮುಂದೆ ಚಾಚಿಸಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಗಾಳಿಯಿಲ್ಲದ ಕೋಣೆಯಲ್ಲಿ ಅಲುಗುತ್ತಿತ್ತು. "ಸಣ್ಣಾಗೀರೇನು? ಸೆಕಿ ಭಾಳ ಆಗ್ತದ? ನಿದ್ದಿ?"

ಒಂದೊಂದಕ್ಕೂ ಹೌದು ಎನ್ನುತ್ತ ಹೋದಂತೆ ಟೀಚರ ದನಿ ಇಳಿಯಿತು.

"ಕೊರಳಾಗ ಥೈರಾಯ್ಡ್ ಅಂತ ಒಂದು ಗ್ರಂಥಿ ಇರ್ತದ. ಅದು ಅಳತಿ ಮೀರಿ ಕೆಲಸ ಮಾಡಾಕತ್ತದ ಅಂತ ನನ್ನ ಅನುಮಾನ. ನೀವು ಸಣ್ಣಾಗಿದ್ದು ವಾಕಿಂಗಿನಿಂದ ಅಲ್ಲ ಅನಸ್ತದ. ಇವತ್ತ ದೊಡ್ಡ ದವಾಖಾನಿಗೆ ಹೋಗ್ರಿ. ನಾಳೆ ಅನಬ್ಯಾಡ್ರಿ."

ಮಗ ಅಂಬರೀಷ ಧಾರವಾಡದ ಒಂದು ಕೋಚಿಂಗ್ ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಪಾಠ ಹೇಳುತ್ತಾನೆ. ತಂದೆ ಫೋನು ಮಾಡಿದ ಕೂಡಲೆ ಪಾಠ ಬಿಟ್ಟು ಮನೆಗೆ ಬಂದ. ಬಂದವನೇ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಹೆಸರು ಹೇಳಿ, ಟ್ಯಾಕ್ಸಿ ಕರೆಯುತ್ತೇನೆ ಎಂದ.

"ಸರಕಾರಿ ದವಾಖಾನ್ಯಾಗ ಗದ್ದಲ ಇರ್ತೈತಿ ಅವ್ವಾ. ಯಾರು ನೋಡ್ತಾರೋ, ಯಾವಾಗ ನೋಡ್ತಾರೋ."

ಹೆದರಿಕೆಯಲ್ಲಿ ಟೀಚರಿಗೂ ಮಗ ಹೇಳುವುದೇ ಸರಿ ಎನಿಸಿತ್ತು. ಆಗ ಕಿವಿಗೆ ಮಫ್ಲರ್ ಸುತ್ತಿಕೊಂಡು ಮೂಲೆಯಲ್ಲಿ ಕೆಮ್ಮುತ್ತಿದ್ದ ರಾಜರತ್ನ ಬಾಯಿ ತೆರೆದರು.

"ನಿಮ್ಮವ್ವನ ಸಾಲಿಗೆ ಜನಾ ಬಂದು ಟಿಸಿ ಕೇಳ್ತಿದ್ರಲ್ಲ, ಅವರು ಏನಂತಿದ್ರು ಗೊತ್ತೈತೇನ? ಸಾಲಿ ಛಲೋ ಐತ್ರಿ, ಆದ್ರ ಸರಕಾರಿ ಐತಲ್ರೀ, ಅಂತಿದ್ರು. ಆವಾಗ ಈಕಿ ಏನ ಹೇಳ್ತಿದ್ಲು ಅನ್ನೂದನ್ನ ಈಕೀನ್ನ ಕೇಳು."

ಹುಡುಗಿಯರ ತಂದೆತಾಯಿಗಳಿಗೆ ಟೀಚರ್ ಪ್ರತಿಸಲವೂ ಹೇಳುತ್ತಿದ್ದ ಮಾತು ಒಂದೇ: ಮೊದಲು ಬಂದು ಮೈದಾನದಲ್ಲಿ ನಿಂತು ನೋಡಿ, ಆಮೇಲೆ ಮಾತಾಡಿ. ಆ ಮಾತಿಗಾಗಿ ಅವರು ಎಷ್ಟೋ ಮಂದಿಯೊಡನೆ ಜಗಳವಾಡಿದ್ದರು. ಈಗ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ನಡೀರಿ, ಹೋಗೂಣು. ನೋಡಿ ಮಾತಾಡೂಣು."

ಹುಬ್ಬಳ್ಳಿ ಧಾರವಾಡಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ರಾಜರತ್ನ ಹೆಂಡತಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಅಂಬರೀಷ ಹಿಂದೆ ನಿಂತಿದ್ದ. ಉಣಕಲ್ ಕೆರೆಯ ನೀರು ಬಿಸಿಲಿಗೆ ಹೊಳೆದು ಹಿಂದೆ ಸರಿಯಿತು. ಟೀಚರ್ ಮಡಿಲಲ್ಲಿ ಗುಟ್ಟಾಗಿ ಮಣಿಕಟ್ಟು ಹಿಡಿದೇ ಕುಳಿತಿದ್ದರು.

"ಲಕ್ವಾ ಹೊಡದ್ರ ನನ್ನ ಯಾರ ನೋಡ್ತಾರ್ರಿ?" ಎಂದು ಮೆಲ್ಲಗೆ ಕೇಳಿದರು. ಮದುವೆಯಾದಾಗಿನಿಂದ ಅಂಥ ಮಾತು ಅವರ ಬಾಯಿಂದ ಬಂದದ್ದು ರಾಜರತ್ನರಿಗೆ ನೆನಪಿರಲಿಲ್ಲ.

"ನಾ ನೋಡ್ತೇನಿ. ಆದ್ರ ನೀ ಭಾಳ ಕೆಟ್ಟ ರೋಗಿ ಆಗ್ತಿ. ಅದಕ್ಕ ಹೊಡೀಲಾರದಂಗ ನೋಡಕೊಳ್ಳೂಣು."

ಟೀಚರ್ ಕಿಟಕಿಯ ಕಡೆ ತಿರುಗಿ ನಕ್ಕರು. ಕಣ್ಣು ಒರೆಸಿಕೊಂಡದ್ದನ್ನು ರಾಜರತ್ನ ನೋಡದವರಂತೆ ಇದ್ದರು.

ವಿದ್ಯಾನಗರದ ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ಅಂಬರೀಷ ಹೇಳಿದಂತೆ ಜನ ಇದ್ದರು. ಹಾವೇರಿ, ಗದಗ, ಎಲ್ಲೆಲ್ಲಿಂದಲೋ ಬುತ್ತಿ ಕಟ್ಟಿಕೊಂಡು ಬಂದವರು. ಆದರೆ ಆರ್ಜೂ ಡಾಕ್ಟರ್ ಮೊದಲೇ ಮಾತಾಡಿದ್ದರಿಂದ ಇವರ ಹೆಸರು ಅಲ್ಲಿಗೆ ತಲುಪಿತ್ತು. ರಕ್ತ ತೆಗೆದರು, ಎದೆಯ ಸ್ಕ್ಯಾನ್ ಮಾಡಿದರು. ಹೃದಯದ ಕವಾಟಗಳೆಲ್ಲ ಸರಿಯಾಗಿದ್ದವು, ಹೆಪ್ಪು ಕಾಣಲಿಲ್ಲ. ನಂತರ ನಡುವಯಸ್ಸಿನ ಹಿರಿಯ ವೈದ್ಯೆಯೊಬ್ಬರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಬಂದರು.

"ನಿಮ್ಮ ನಾಡಿ ಈ ಮಕ್ಕಳು ನೋಡಬಹುದೇನ್ರಿ? ಪುಸ್ತಕದಾಗ ಓದಿರ್ತಾರ, ಕೈಗೆ ಸಿಕ್ಕಿರೂದಿಲ್ಲ."

ಟೀಚರ್ ಒಪ್ಪಿದರು. ಒಪ್ಪಿದ್ದೇ ತಡ, ಬಿಳಿ ಕೋಟುಗಳೆಲ್ಲ ಒಟ್ಟಿಗೆ ಮಂಚಕ್ಕೆ ಮುಗಿಬಿದ್ದವು.

"ಗದ್ದಲ ಬ್ಯಾಡ," ಎಂದರು ಟೀಚರ್. "ಎತ್ತರದ ಪ್ರಕಾರ ಸಾಲಾಗಿ ನಿಲ್ರಿ. ಗಿಡ್ಡನವರು ಮುಂದ."

ಭಾವಿ ಡಾಕ್ಟರುಗಳು ಸಾಲಾಗಿ ನಿಂತರು. ಹಿರಿಯ ವೈದ್ಯೆ ಪಕ್ಕಕ್ಕೆ ಸರಿದು ನಗು ತಡೆದುಕೊಂಡರು. ಒಬ್ಬ ಹುಡುಗ ಬೆರಳಿಟ್ಟ ಕೂಡಲೆ ಸರಿಯಾಗಿದೆ ಎಂದುಬಿಟ್ಟ. "ಅವಸರ ಮಾಡಬ್ಯಾಡಪಾ. ಇನ್ನೊಮ್ಮಿ ಹಿಡಿ, ತಡಕೊಂಡು ಹಿಡಿ," ಎಂದರು ಟೀಚರ್. ಅವನು ಹಿಡಿದ. ಸ್ವಲ್ಪ ಹೊತ್ತಿಗೆ ಅವನ ಮುಖ ಬದಲಾದದ್ದನ್ನು ನೋಡಿ ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ, ತಾವು ಮಲಗಿದ್ದು ರೋಗಿಯ ಮಂಚದ ಮೇಲೆ ಎಂಬುದೇ ಮರೆತುಹೋಯಿತಂತೆ. "ಅವ ಇನ್ನ ಯಾರ ಕೈ ಹಿಡದ್ರೂ ಲಗೂ ಬಿಡಂಗಿಲ್ಲ ನೋಡ್ರಿ," ಎಂದು ನನಗೆ ಹೇಳಿದರು.

ಆರ್ಜೂ ಡಾಕ್ಟರ ಅನುಮಾನ ಸರಿಯಾಗಿತ್ತು. ಥೈರಾಯ್ಡ್ ಹದ ತಪ್ಪಿತ್ತು. ಅದನ್ನು ಪಳಗಿಸಲು ಒಂದು ಗುಳಿಗೆ, ಹೃದಯದ ಓಟ ತಗ್ಗಿಸಲು ಒಂದು, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು. ಮೂರನ್ನೂ ಒಂದು ಹೊತ್ತೂ ತಪ್ಪಿಸಬಾರದು, ಮುಂದಿನ ತಪಾಸಣೆಗಳಿಗೆ ಹತ್ತಿರದ ಕೇಂದ್ರಕ್ಕೇ ಹೋಗಬಹುದು ಎಂದು ಹಿರಿಯ ವೈದ್ಯೆ ಹೇಳಿದರು. ಮತ್ತೊಂದು ಮಾತೂ ಹೇಳಿದರು: ನಾಡಿ ಹದಕ್ಕೆ ಬರುವವರೆಗೆ ಬಿರುಸಿನ ನಡಿಗೆ ಬೇಡ.

ಆ ಬೇಸಿಗೆ ಟೀಚರಿಗೆ ಕಷ್ಟವಾದದ್ದು ಇದೊಂದೇ. ಗುಳಿಗೆ ನುಂಗಿದರು, ರಕ್ತಕ್ಕೆ ಕೈ ಕೊಟ್ಟರು. ಆದರೆ ಬೆಳಗ್ಗೆ ಬೂಟು ನೋಡುತ್ತ ಬಾಗಿಲಲ್ಲಿ ಕುಳಿತಿರುವುದು ಆಗುತ್ತಿರಲಿಲ್ಲ. ಎರಡನೇ ವಾರವೇ ಯಾರಿಗೂ ಹೇಳದೆ ಕೆರೆಯ ಕಡೆ ಬಿರುಸಾಗಿ ಹೊರಟು, ಅರ್ಧ ದಾರಿಯಲ್ಲಿ ಉಸಿರು ಸಿಗದೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅಂಗಡಿಯವರು ಆಟೊ ಹತ್ತಿಸಿ ಕಳಿಸಿದರು. ಆ ಮಧ್ಯಾಹ್ನ ಔಷಧದ ಬಗ್ಗೆ ವಿಚಾರಿಸಲು ಮನೆಗೇ ಬಂದ ಭಾಗ್ಯಾ ಎಲ್ಲ ಕೇಳಿ, ಕೂಗಾಡಲಿಲ್ಲ.

"ಕಾಲ ಮುರದ ಹುಡುಗೀನ್ನ ನೀವು ಮರುದಿನಾ ಆಟಕ್ಕ ಇಳಸ್ತಿದ್ರೇನ್ರಿ?"

"ಇಲ್ಲ."

"ಮತ್ತ?"

ಟೀಚರ್ ತಲೆಯಾಡಿಸಿದರು. ಅಂದಿನಿಂದ ಸಂಜೆ ಹೊತ್ತು ರಾಜರತ್ನರ ನಡಿಗೆಗೆ ತಮ್ಮ ನಡಿಗೆ ಹೊಂದಿಸಿಕೊಂಡು ಓಣಿಯಲ್ಲೇ ತಿರುಗಾಡತೊಡಗಿದರು. ಅಷ್ಟು ವರ್ಷದ ಸಂಸಾರದಲ್ಲಿ ಅವರಿಬ್ಬರೂ ಪಕ್ಕಪಕ್ಕ ನಡೆದದ್ದನ್ನು ನಾವು ನೋಡಿದ್ದು ಆಗಲೇ ಮೊದಲು. ರಾಜರತ್ನ ನಡೆಯುತ್ತ ಆ ದಿನದ ಸುದ್ದಿ ಹೇಳುತ್ತಿದ್ದರು. ಟೀಚರ್ ಕೇಳಿಸಿಕೊಳ್ಳುತ್ತಿದ್ದರು.

ಮಳೆಗಾಲ ಬರುವಷ್ಟರಲ್ಲಿ ಮೈ ತುಂಬಿಕೊಂಡಿತು. ಕೈ ನಡುಕ ನಿಂತಿತು, ರಾತ್ರಿ ಒಂದೇ ನಿದ್ದೆ. ರವಿಕೆ ಬಿಗಿಯಾಯಿತು ಎಂದು ಅವರು ಸಂಭ್ರಮದಿಂದ ಹೇಳಿದಾಗ ಭಾಗ್ಯಾ, "ತೂಕ ಏರಿದ್ದಕ್ಕ ಖುಷಿ ಪಡೋ ಪೇಷಂಟು ನೀವೊಬ್ಬರ ನೋಡ್ರಿ," ಎಂದಳು. ಜುಲೈ ತಿಂಗಳ ಇಸಿಜಿ ಕೈಗೆ ಬಂದಾಗ ಆರ್ಜೂ ಡಾಕ್ಟರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಟೀಚರ ಕಡೆ ತಿರುಗಿದರು.

"ನೀವ ಹಿಡದ ಹೇಳ್ರಿ."

ಟೀಚರ್ ಹಿಡಿದರು. ಒಂದಾದ ಮೇಲೊಂದು, ಒಂದೇ ಅಂತರದಲ್ಲಿ, ಶಾಂತವಾಗಿ ಬರುತ್ತಿತ್ತು. ಮುಗಿಯಿತೆಂದು ಬಿಡಲು ಮನಸ್ಸಾಗದೆ ಬಹಳ ಹೊತ್ತು ಹಿಡಿದೇ ಇದ್ದರು.

"ಸಾಲು ಹಿಡದೈತ್ರಿ," ಎಂದರು ಕೊನೆಗೆ.

"ಹೂಂ. ಆದ್ರ ಇದು ಮತ್ತ ತಪ್ಪಬಹುದು. ಔಷಧ ಯಾವಾಗ ಬಿಡಬೇಕು, ಎಷ್ಟು ಬಿಡಬೇಕು ಅನ್ನೂದನ್ನ ನಾವು ನೋಡಿ ಹೇಳ್ತೇವಿ. ತಿಂಗಳಾ ಬರಬೇಕು."

"ಬರತೇನ್ರಿ. ಇದು ನನ್ನ ಹಕ್ಕಿನ ದವಾಖಾನಿ, ಯಾಕ ಬಿಡಲಿ?"

ಅವರು ಬಂದದ್ದು ತಾವೊಬ್ಬರೇ ಅಲ್ಲ. ತಪಾಸಣೆಗೆ ಬಂದ ಹಿರಿಯರು ಸರದಿಯಲ್ಲಿ ಸುಮ್ಮನೆ ಕುಳಿತಿರುವುದನ್ನು ನೋಡಲಾಗದೆ, ಡಾಕ್ಟರ ಒಪ್ಪಿಗೆ ಪಡೆದು, ಮಂಗಳವಾರ ಬೆಳಗ್ಗೆ ಕೇಂದ್ರದ ಅಂಗಳದಲ್ಲಿ ಕುಳಿತಲ್ಲೇ ಮಾಡುವ ವ್ಯಾಯಾಮ ಹೇಳಿಕೊಡಲು ಆರಂಭಿಸಿದರು. ಕೈ ಮೇಲೆ, ಕೆಳಗೆ, ಪಾದ ತಿರುಗಿಸಿ, ಉಸಿರು ಬಿಡಿ. ಅದು ಮುಗಿದ ಮೇಲೆ ಒಬ್ಬೊಬ್ಬರೇ ಒಳಗೆ. ಅಖ್ತರಬೇಗಂ ಮೊದಲ ವಾರವೇ ಬಂದರು. ಅವರ ಬಿಪಿ ಸ್ವಲ್ಪ ಹೆಚ್ಚಿತ್ತು. ಉಪ್ಪಿನಕಾಯಿ ಕಡಿಮೆ ಮಾಡಿ ಎಂದದ್ದಕ್ಕೆ ಮುಖ ಸಣ್ಣ ಮಾಡಿಕೊಂಡರು, ಆದರೆ ಮಾಡಿದರು. ನಾನೂ ಹೋಗುತ್ತೇನೆ. ನನ್ನ ಬಲಗಣ್ಣಿನ ಪೊರೆ ಪತ್ತೆಯಾದದ್ದು ಅಲ್ಲಿಯೇ, ಇದನ್ನು ಬರೆಯುತ್ತಿರುವುದು ಆ ಶಸ್ತ್ರಚಿಕಿತ್ಸೆಯಾದ ಕಣ್ಣಿನಿಂದಲೇ.

ಬರಲೊಲ್ಲದವರು ಅಖ್ತರಬೇಗಂ ಅವರ ಯಜಮಾನರು ಖಾಜಾಸಾಬ. ತಾರಿಹಾಳದಲ್ಲಿ ಲಾರಿ ರಿಪೇರಿಯ ಗ್ಯಾರೇಜು ನಡೆಸಿ ಈಗ ಮಗ ಬಿಲಾಲನಿಗೆ ಬಿಟ್ಟುಕೊಟ್ಟಿದ್ದರೂ ದಿನಾ ಹೋಗಿ ಕೂರುವವರು. ಟೀಚರ್ ಒಂದು ದಿನ ಗ್ಯಾರೇಜಿಗೇ ಹೋದರು.

"ಟೀಚರ, ಗಾಡಿ ಚಾಲೂ ಇದ್ದಾಗ ಬಾನೆಟ್ ಎತ್ತಬಾರದ್ರಿ. ಎತ್ತಿದ್ರ ಏನರೆ ಒಂದು ಕಾಣತೈತಿ," ಎಂದರು ಖಾಜಾಸಾಬ.

"ಗಿರಾಕಿಗೂ ಹಂಗ ಹೇಳ್ತೀರೇನು? ಸರ್ವಿಸ್ ತಪ್ಪಿಸಬ್ಯಾಡ್ರಿ ಅಂತ ನಿಮ್ಮ ಬೆನ್ನಹಿಂದಿನ ಗೋಡಿ ಮ್ಯಾಲ ಬರದೈತಿ ನೋಡ್ರಿ."

ಬಿಲಾಲ ಲಾರಿಯ ಕೆಳಗಿನಿಂದ ಜೋರಾಗಿ ನಕ್ಕ. ಮುಂದಿನ ಮಂಗಳವಾರ ಖಾಜಾಸಾಬ ಬಂದು ಎಲ್ಲರಿಗಿಂತ ಹಿಂದೆ ಕುಳಿತರು. ಶುಗರ್ ಇತ್ತು. ಭಾಗ್ಯಾ ಹತ್ತಿಯ ಎಳೆಯಿಂದ ಅಂಗಾಲು ಮುಟ್ಟಿದಾಗ ಎಡಗಾಲಿನ ಎರಡು ಬೆರಳಿಗೆ ಏನೂ ತಿಳಿಯಲಿಲ್ಲ. ಅವುಗಳ ಸಂದಿನಲ್ಲಿ ಒಂದು ಹುಣ್ಣೂ ಇತ್ತು, ಅವರಿಗೇ ಗೊತ್ತಿರಲಿಲ್ಲ. ಇನ್ನೂ ತಡವಾಗಿದ್ದರೆ ಬೆರಳು ಹೋಗುತ್ತಿತ್ತು ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದರು. ದಿನ ಬಿಟ್ಟು ದಿನ ಡ್ರೆಸಿಂಗ್ ಆಯಿತು, ಔಷಧ ಶುರುವಾಯಿತು, ಹುಣ್ಣು ಮಾಯಿತು.

ಹೋದ ಮಂಗಳವಾರ ಖಾಜಾಸಾಬ ಮುಚ್ಚಿದ ಬೂಟು ಹಾಕಿಕೊಂಡು, ತಮ್ಮ ಗ್ಯಾರೇಜಿನ ಇಬ್ಬರು ಹಳೆಯ ಕೆಲಸಗಾರರನ್ನು ಕರೆದುಕೊಂಡು ತಾರಿಹಾಳದಿಂದ ಬಂದಿದ್ದರು. ಒಬ್ಬರು ಬಾಗಿಲಲ್ಲೇ ನಿಂತು, ತಮಗೇನೂ ಆಗಿಲ್ಲ ಎಂದು ಹೇಳತೊಡಗಿದರು. ಜಯಮಾಲಾ ಟೀಚರ್ ತಮ್ಮ ಪಕ್ಕದಲ್ಲಿ ಬೆಂಚಿನ ಮೇಲೆ ಜಾಗ ಮಾಡಿದರು.

"ಛಲೋ ಆತಲ್ರಿ," ಎಂದರು. "ಬರ್ರಿ, ಕುಂದರ್ರಿ. ಮೊದಲ ಕೈ ಮ್ಯಾಲೆ ಮಾಡ್ರಿ."